ಕೆಂಪು ಬೊಟ್ಟಿನ ಹತ್ತರ ಕಲ್ಲು

ಅನುಪಮಾಳ ಬೆನ್ನಿನ ಬಗ್ಗೆ ಆ ಮನೆಯಲ್ಲಿ ಎಲ್ಲರಿಗೂ ಒಂದೊಂದು ಮಾತಿತ್ತು. ಅಜ್ಜ ಬೊಳ್ಳಪ್ಪನ ಪ್ರಕಾರ ಅದು ಹಪ್ಪಳ. ಅಮ್ಮ ತುಳಸಿಯ ಪ್ರಕಾರ ಮೊಬೈಲ್ ನೋಡಿ ನೋಡಿ ಬಗ್ಗಿಹೋದ ಬೆನ್ನು. ಅಪ್ಪ ಆನಂದನ ಪ್ರಕಾರ ದಂಡದ ಬೆನ್ನು. ಕಳೆದ ವರ್ಷ ಫಾರೆಸ್ಟ್ ಗಾರ್ಡ್ ಕೆಲಸದ ದೈಹಿಕ ಪರೀಕ್ಷೆಯಲ್ಲಿ ಓಟ ಗೆದ್ದು, ಜಿಗಿತ ಗೆದ್ದು, ಕೊನೆಗೆ ನಾಲ್ಕು ಕೆ.ಜಿ. ಗುಂಡು ಎಸೆಯುವಾಗ ಅವಳು ಒಂದೇ ಒಂದು ಗೇಣಿನಿಂದ ಸೋತು ಮನೆಗೆ ಬಂದಿದ್ದಳು.

"ಇಷ್ಟೇ ನೋಡು, ಇಷ್ಟು," ಎಂದು ಅಜ್ಜ ಊಟಕ್ಕೆ ಕೂತಾಗಲೆಲ್ಲ ತಟ್ಟೆಯ ಪಕ್ಕದಲ್ಲಿ ಗೇಣು ಹಾಕಿ ತೋರಿಸುತ್ತಿದ್ದ. "ಇಷ್ಟಕ್ಕೆ ಒಂದು ವರ್ಷದ ಅನ್ನ ದಂಡ."

ಅನುಪಮಾ ನಗುತ್ತಿದ್ದಳು. ಅವಳದ್ದು ಅದೇ ರೋಗ. ಬೈದರೂ ನಗು, ಬಿದ್ದರೂ ನಗು. ಸಂಪಾಜೆಯಿಂದ ಹೆಣ್ಣು ನೋಡಲು ಬಂದಿದ್ದವರು ಕೂಡ ಹೋಗುವಾಗ ಅದನ್ನೇ ಹೇಳಿದ್ದರು. ಗಂಡಿಗೆ ಮೂವತ್ತೇಳು ವರ್ಷ, ರಬ್ಬರ್ ತೋಟ, ಮೇಲೊಂದು ಲಾರಿ. ಅವನ ತಾಯಿ ಕಾಫಿ ಲೋಟ ಕೆಳಗಿಟ್ಟು, "ಹುಡುಗಿ ಒಳ್ಳೇದೇ. ನಗೋದು ಸ್ವಲ್ಪ ಜಾಸ್ತಿ. ಅದನ್ನ ನಾವು ಕಮ್ಮಿ ಮಾಡ್ಕೊಳ್ತೇವೆ," ಎಂದಿದ್ದಳು. ಹೇಳಿದ ರೀತಿಗೆ ತುಳಸಿ ಚಕ್ಕುಲಿ ತಟ್ಟೆಯನ್ನು ಅವಳ ಮುಂದಿನಿಂದ ಎತ್ತಿಕೊಂಡಿದ್ದಳು.

ಡಿಸೆಂಬರ್‌ನಲ್ಲಿ ಫಾರೆಸ್ಟ್‌ನವರು ಮತ್ತೆ ಕರೆದರು. ಪರೀಕ್ಷೆಗೆ ಹತ್ತು ವಾರ. ಕಾಲೇಜಿನ ಪಿ.ಟಿ. ಮೇಡಂ ಅನುಪಮಾಳನ್ನು ಮೈದಾನದಲ್ಲಿ ನಿಲ್ಲಿಸಿ ಬೆನ್ನ ಮೇಲೆ ಎರಡು ಬೆರಳಿಂದ ಕುಟ್ಟಿ ನೋಡಿದರು.

"ಕೈಲಿ ಎಸೀತಿದ್ದೀಯ ನೀನು. ಗುಂಡು ಹೋಗೋದು ಬೆನ್ನಿಂದ ಕಣೇ. ಇಲ್ಲಿ ಮಾಂಸಾನೇ ಇಲ್ವಲ್ಲ! ಮನೇಲಿ ಒಂದು ಜೊತೆ ಡಂಬೆಲ್ ಇಟ್ಕೊ. ಸೊಂಟದಿಂದ ಬಗ್ಗಿ, ಎರಡೂ ಕೈಲಿ ಸಮ ಎಳಿ. ದಿನಾ ಎಳಿ. ಮೊಟ್ಟೆ ತಿನ್ನು."

ಮನೆಗೆ ಬಂದು ಅಷ್ಟನ್ನೂ ಒಂದೇ ಉಸಿರಲ್ಲಿ ಒಪ್ಪಿಸಿದಳು. ಆನಂದ ಅಕ್ಕಿ ರೊಟ್ಟಿ ಹರಿಯುತ್ತಾ ಕೂತಿದ್ದ.

"ಡಂಬೆಲ್ಲೂ ಇಲ್ಲ, ಬೆಲ್ಲಾನೂ ಇಲ್ಲ. ಇದೊಂದು ಸಲ ಹೋಗು. ಆಗ್ಲಿಲ್ಲ ಅಂದ್ರೆ ಸಂಪಾಜೆಯವರಿಗೆ ಹೂಂ ಅಂತೇನೆ. ಆಮೇಲೆ ಅಳ್ಬಾರ್ದು."

"ಯಾರಪ್ಪ ಅಳೋರು? ನಾನು ಯೂನಿಫಾರ್ಮ್ ಹಾಕ್ಕೊಂಡು ಬಂದು ನಿಮ್ಮ ಅಂಗಡಿಲಿ ಬೀಟೆ ಮರ ಉಂಟಾ ಅಂತ ರೇಡ್ ಮಾಡ್ತೀನಿ!"

"ಮೊದ್ಲು ಗುಂಡು ಎಸಿ," ಎಂದ ಅಜ್ಜ. "ದುಡ್ಡು ಯಾಕೆ ಹಾಕ್ತೀರಿ? ಅಟ್ಟದ ಮೇಲೆ ನನ್ನ ತೂಕದ ಕಲ್ಲು ಉಂಟಲ್ಲ. ಹತ್ತು ಹತ್ತು ಕೆ.ಜಿ.ದು, ಒಂದು ಜೊತೆ. ನಲ್ವತ್ತು ವರ್ಷ ಹುದಿಕೇರಿಯಿಂದ ಇಲ್ಲಿವರೆಗೆ ಎಲ್ಲರ ಮೆಣಸು ತೂಗಿದ ಕಲ್ಲು. ಅದನ್ನ ಎತ್ತಿದ್ರೆ ಸಾಕು, ಪಾಪದ ಬೆನ್ನೂ ಗಟ್ಟಿ ಆಗ್ತದೆ."

ಮನೆಯ ಮುಂಭಾಗವೇ ಅಂಗಡಿ. ಗೋಣಿಕೊಪ್ಪಲಿನ ಹೊರಗೆ ರಸ್ತೆಗೆ ಮುಖ ಮಾಡಿದ್ದ ಆ ಅಂಗಡಿಯಲ್ಲಿ ಮೊದಲು ಬೊಳ್ಳಪ್ಪ, ಈಗ ಆನಂದ, ಸುತ್ತಲಿನ ಸಣ್ಣ ಬೆಳೆಗಾರರಿಂದ ಕಾಫಿ, ಕರಿಮೆಣಸು ಕೊಳ್ಳುತ್ತಿದ್ದರು. ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೆ ಹಳೆಯ ತಕ್ಕಡಿ ಗುಜರಿಗೆ ಹೋಯಿತು, ಕಲ್ಲುಗಳು ಅಟ್ಟಕ್ಕೆ. ಹೆಸರಿಗೆ ಕಲ್ಲು, ನಿಜಕ್ಕೆ ಕಬ್ಬಿಣ. ತಲೆಯ ಮೇಲೆ ಹಿಡಿಯಲು ಬಳೆಯಂಥ ಹಿಡಿಕೆ.

ಅವುಗಳನ್ನು ಕೆಳಗಿಳಿಸಿಕೊಟ್ಟವಳು ಜವರಿ. ಕಾಡಂಚಿನ ಗುಡಿಸಲುಗಳ ಹಾಡಿಯಿಂದ ಬಂದು ಮೂವತ್ತು ವರ್ಷದಿಂದ ಆ ಮನೆಯ ಪಾತ್ರೆ, ಬಟ್ಟೆ, ಕೊಟ್ಟಿಗೆ ನೋಡುತ್ತಿದ್ದ ಹೆಂಗಸು. ಅನುಪಮಾಳನ್ನು ಎಣ್ಣೆ ಹಚ್ಚಿ ನೀರು ಹಾಕಿ ಬೆಳೆಸಿದವಳೂ ಅವಳೇ. ಏಣಿಯಿಂದ ಇಳಿದು ಕಲ್ಲುಗಳನ್ನು ನೆಲಕ್ಕಿಟ್ಟ ಜವರಿ ಎರಡೂ ಅಂಗೈಯನ್ನು ಸೀರೆಗೆ ಉಜ್ಜಿಕೊಂಡಳು, ಬಹಳ ಹೊತ್ತು ಉಜ್ಜಿಕೊಂಡಳು.

ಎರಡು ಕಲ್ಲೂ ಅವಳಿ ಮಕ್ಕಳಂತೆ ಒಂದೇ ಥರ. ಒಂದರ ನೆತ್ತಿಯ ಮೇಲೆ ಮಾತ್ರ ಕೆಂಪು ಬಣ್ಣದ ಬೊಟ್ಟು.

"ಅಜ್ಜಾ, ಇದೆಂತ ಇದಕ್ಕೆ ಮಾತ್ರ ಕುಂಕುಮ?"

"ಆಯುಧ ಪೂಜೆದು. ಬಾಯಿ ಮುಚ್ಚಿ ಎತ್ತು."

ಕುಂಕುಮದ್ದು ಬಲಗೈಗೆ ಇರಲಿ, ಒಳ್ಳೇದಾಗುತ್ತದೆ ಎಂದು ಅನುಪಮಾ ಅದನ್ನು ಕಣ್ಣಿಗೊತ್ತಿಕೊಂಡು ಬಲಗೈಗೇ ತೆಗೆದುಕೊಂಡಳು. ಅಂದಿನಿಂದ ಒಂದು ದಿನವೂ ಕೈ ಬದಲಾಯಿಸಲಿಲ್ಲ.

ಮೊದಲ ವಾರ ಐದು ಸಲ ಎಳೆಯುವಷ್ಟರಲ್ಲಿ ಬಲಗೈ ನಡುಗುತ್ತಿತ್ತು. ಅಜ್ಜ ಜಗಲಿಯ ಕುರ್ಚಿಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತು ಎಣಿಸುತ್ತಿದ್ದ.

"ಮೂರು... ನಾಲ್ಕು... ಅದು ಲೆಕ್ಕ ಇಲ್ಲ, ಕೈ ಅಲ್ಲಾಡ್ತು. ಮತ್ತೆ ನಾಲ್ಕು."

"ಅಜ್ಜಾ, ಬಲಗೈದು ಭಾರ ಅನ್ನಿಸ್ತದೆ."

"ಕುಣಿಯಕ್ಕಾಗದವಳಿಗೆ ನೆಲ ಸರಿ ಇಲ್ಲ ಅಂತೆ! ಹತ್ತು ಅಂದ್ರೆ ಹತ್ತು. ಬಲಗೈ ಸೋಮಾರಿ ನಿಂದು, ಬರೀ ಮೊಬೈಲ್ ತಿಕ್ಕಿ."

ಮೊಟ್ಟೆಯದ್ದು ಇನ್ನೊಂದು ಯುದ್ಧ. ಕೋಳಿಗೂಡಿನ ಮೊಟ್ಟೆ ಮೊದಲು ಅಜ್ಜನಿಗೆ, ಆಮೇಲೆ ಅಪ್ಪನಿಗೆ. ದಿನಕ್ಕೊಂದು ಅನುಪಮಾಳಿಗೆ ಎಂದು ತುಳಸಿ ಬೇಯಿಸಿಟ್ಟರೆ ಅಜ್ಜ ತಟ್ಟೆಯಿಂದಲೇ ಎತ್ತಿಕೊಳ್ಳುತ್ತಿದ್ದ.

"ಮಾವ, ಮಗು ತಿನ್ಲಿ," ಎಂದಳು ತುಳಸಿ ಒಂದು ದಿನ.

"ಯಾರಿಗೆ ತಿನ್ನಿಸ್ತೀ? ಸಂಪಾಜೆಯವರ ಮನೆ ಹಸುಗೆ ಇಲ್ಲಿಂದ ಹಿಂಡಿ ಹಾಕಿದ ಹಾಗೆ. ನೀನೂ ಹಂಗೇ, ತಾಯಿ ಮನೇಲಿ ತಿಂದು ತಿಂದು ಬಂದೆ. ಕೊಟ್ಟಿದ್ದು ಎಂತ? ಒಂದು ಹೆಣ್ಣು."

ತುಳಸಿ ಸೌಟನ್ನು ಪಾತ್ರೆಗೆ ಬಡಿದು ಒಳಗೆ ಹೋದಳು. ಆನಂದ ತನ್ನ ಪಾಲಿನ ಮೊಟ್ಟೆ ತಿಂದ. ಅನುಪಮಾ ನಗಲು ನೋಡಿದಳು, ಬಾಯಲ್ಲಿದ್ದ ಅನ್ನ ನೆತ್ತಿಗೇರಿತು.

ಆ ಮನೆಯಲ್ಲಿ ಸಂಜೆ ಆರು ಗಂಟೆಗೆ ಒಂದು ಪದ್ಧತಿ ಇತ್ತು. ಕೆಲಸ ಮುಗಿಸಿದ ಜವರಿ ಹಿಂಬಾಗಿಲಲ್ಲಿ ನಿಂತು ಸೆರಗನ್ನು ಬಿಚ್ಚಿ, ಎರಡು ಸಲ ಕೊಡವಿ ತೋರಿಸಬೇಕು. ಬೊಳ್ಳಪ್ಪ ಬಂದು ನೋಡಬೇಕು. ಅವನಿಲ್ಲದಿದ್ದರೆ ತುಳಸಿ. ನೋಡಿ, "ಹ್ಞೂಂ, ಹೋಗು," ಎಂದ ಮೇಲೆ ಅವಳು ಹೋಗಬೇಕು. ಅನುಪಮಾ ಹುಟ್ಟಿದಾಗಿಂದ ನೋಡುತ್ತಿದ್ದುದರಿಂದ ದೀಪ ಹಚ್ಚಿದ ಹಾಗೆ ಇದೂ ಒಂದು ಎಂದುಕೊಂಡಿದ್ದಳು.

ಅದಕ್ಕೊಂದು ಕಾರಣವಿತ್ತು. ಅಜ್ಜ ಅದನ್ನು ನೆಂಟರು ಬಂದಾಗಲೆಲ್ಲ ಹಂದಿ ಕರಿಯ ಜೊತೆಗೆ ಬಡಿಸುತ್ತಿದ್ದ. ಜವರಿಯ ಗಂಡ ಸಿದ್ದ ಹಿಂದೆ ಇದೇ ಅಂಗಡಿಯ ಹೊರೆಯಾಳು. ಬೆಳೆಗಾರರ ಮನೆಯಿಂದ ಮೆಣಸಿನ ಮೂಟೆ ಹೊತ್ತು ತರುತ್ತಿದ್ದ. ಮನೆಯಲ್ಲಿ ನಲವತ್ತನಾಲ್ಕು ಕೆ.ಜಿ. ಇದ್ದ ಮೂಟೆ ಅಂಗಡಿಯಲ್ಲಿ ಹತ್ತು ಹತ್ತಾಗಿ ತೂಗಿದರೆ ನಲವತ್ತೇ ಆಗುತ್ತಿತ್ತು. ಬೆಳೆಗಾರರು ಕೇಳಿದರು. ದಾರಿಯಲ್ಲಿ ಸಿದ್ದನೇ ಬಗೆದು ಮಾರುತ್ತಾನೆ ಎಂದು ಬೊಳ್ಳಪ್ಪ ಪತ್ತೆ ಮಾಡಿದ.

"ಆ ಹಲಸಿನ ಮರಕ್ಕೆ ಕಟ್ಟಿದ್ವು," ಎನ್ನುತ್ತಿದ್ದ ಅಜ್ಜ, ಮೂಳೆ ಚೀಪುತ್ತಾ. "ಮೂರು ಏಟಿಗೆ ಒಪ್ಕೊಳ್ಳಲಿಲ್ಲ ಕಳ್ಳ. ಹನ್ನೊಂದನೇ ಏಟಿಗೆ ಒಪ್ಕೊಂಡ."

ಆಮೇಲೆ ಸಿದ್ದನಿಗೆ ಆ ಕಡೆ ಯಾರೂ ಹೊರೆ ಕೊಡಲಿಲ್ಲ. ಕೇರಳದ ಗಡಿಯ ಕಡೆ ಶುಂಠಿ ಕೆಲಸಕ್ಕೆ ಹೋದವನು ವರ್ಷದೊಳಗೆ ಹೆಣವಾಗಿ ಬಂದ. "ಹೆಂಡತಿಯನ್ನ ನಾನು ಬಿಡ್ಲಿಲ್ಲ ನೋಡಿ. ಕೆಲಸ ಕೊಟ್ಟೆ. ಯಾರು ಕೊಡ್ತಾರೆ ಕಳ್ಳನ ಹೆಂಡತಿಗೆ?" ಎಂದು ಅಜ್ಜ ಕಥೆ ಮುಗಿಸುವಾಗ ಜವರಿ ಎಂಜಲು ತಟ್ಟೆ ಎತ್ತುತ್ತಾ ಅಲ್ಲೇ ಇರುತ್ತಿದ್ದಳು.

ಏಳನೇ ವಾರಕ್ಕೆ ಅನುಪಮಾ ಇಪ್ಪತ್ತು ಸಲ ಎಳೆಯುವಂತಾದಳು. ಬೆನ್ನಿಗೆ ಮಾಂಸ ಬಂತು. ಕನ್ನಡಿಗೆ ಬೆನ್ನು ಹಾಕಿ, ಕತ್ತು ತಿರುಗಿಸಿ, ಫೋನಲ್ಲಿ ಫೋಟೋ ತೆಗೆದು ಗೆಳತಿಯರಿಗೆಲ್ಲ ಕಳಿಸಿದಳು. ಆದರೆ ಬಲಗಡೆ ಭುಜದ ಕೆಳಗೆ ಒಂದು ನೋವು ಕೂತುಬಿಟ್ಟಿತು. ಮೈದಾನದಲ್ಲಿ ಗುಂಡು ಎಸೆದರೆ ನೇರ ಹೋಗದೆ ಎಡಕ್ಕೆ ವಾಲಿ ಗೆರೆಯ ಹೊರಗೆ ಬೀಳತೊಡಗಿತು.

"ಹೊರಗೆ ಬಿದ್ರೆ ಫೌಲು. ಎಷ್ಟು ದೂರ ಹೋದ್ರೂ ಸೊನ್ನೆ," ಎಂದರು ಪಿ.ಟಿ. ಮೇಡಂ. "ಎರಡೂ ಕಡೆ ಸಮ ಎತ್ತುತಿದ್ದೀಯ ತಾನೇ?"

"ಸಮಾನೇ ಮ್ಯಾಮ್. ಹತ್ತು, ಹತ್ತು."

ಆ ಸಂಜೆ ಜವರಿ ಕಾಸಿದ ತೆಂಗಿನೆಣ್ಣೆ ಹಿಡಿದು ಕೂತಳು. ಅನುಪಮಾ ಚಾಪೆಯ ಮೇಲೆ ಬೋರಲು ಮಲಗಿದ್ದಳು. ಜವರಿಯ ಹೆಬ್ಬೆರಳು ಬೆನ್ನುಮೂಳೆಯ ಎರಡೂ ಕಡೆ ಇಳಿದು, ಹತ್ತಿ, ಮತ್ತೆ ಇಳಿದು, ಒಂದು ಕಡೆ ನಿಂತುಬಿಟ್ಟಿತು.

"ಪುಟ್ಟವ್ವ, ಬಲಗಡೆ ಬೇರೆ, ಎಡಗಡೆ ಬೇರೆ."

"ಎಂತ ಬೇರೆ?"

"ಬಲಗಡೆ ಜಾಸ್ತಿ ಹೊತ್ತದೆ. ನಂಗೆ ಗೊತ್ತಾಗ್ತದೆ. ಸಿದ್ದನ ಬೆನ್ನು ತಿಕ್ಕಿದ ಕೈ ಇದು. ಯಾವ ಮೂಟೆ ಎಷ್ಟಿತ್ತು ಅಂತ ಬೆನ್ನು ಮುಟ್ಟಿ ಹೇಳ್ತಿದ್ದೆ." ಅವಳು ಎಣ್ಣೆಯ ಬಟ್ಟಲನ್ನು ಸುಮ್ಮನೆ ಒಮ್ಮೆ ತಿರುಗಿಸಿದಳು. "ಆ ಬೊಟ್ಟಿಂದು ಬಲಗೈಲಿ ತಾನೇ ಎತ್ತೋದು ನೀನು?"

"ಹೂಂ."

"ಒಂದ್ಸಲ ತೂಗಿ ನೋಡವ್ವ. ನಿಮ್ಮಪ್ಪನ ಹೊಸ ತಕ್ಕಡಿಲಿ."

ಅನುಪಮಾ ಜೋರಾಗಿ ನಕ್ಕಳು. ತೂಕದ ಕಲ್ಲನ್ನು ತೂಗುವುದು! ಅದರಲ್ಲೂ ಒಂದು ರೀಲ್ ಆಗುತ್ತದೆ ಎನಿಸಿತು.

ಮಾರನೇ ದಿನ ಭಾನುವಾರ. ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಮಧ್ಯಾಹ್ನ ಊಟಕ್ಕೆ ಕರೆಯುವ ಮೊದಲು ಎರಡೂ ಕಲ್ಲನ್ನು ತಕ್ಕಡಿಯ ಮೇಲೆ ಒಂದೊಂದಾಗಿ ಇಟ್ಟಳು. ಬೊಟ್ಟಿಲ್ಲದ್ದು ಹತ್ತು ಕೆ.ಜಿ., ಒಂದು ಗ್ರಾಂ ಹೆಚ್ಚಿಲ್ಲ. ಬೊಟ್ಟಿನದ್ದು ಹನ್ನೊಂದು ಕೆ.ಜಿ. ಮಗುಚಿ ನೋಡಿದಳು. ಮೊದಲನೆಯದರ ತಳದ ಗುಳಿಯಲ್ಲಿ ಸೀಸದ ಮೇಲೆ ಸರ್ಕಾರದ ಮುದ್ರೆ ಇತ್ತು. ಎರಡನೆಯದರಲ್ಲಿ ಗುಳಿಯನ್ನೇ ಅಗಲ ಕೊರೆದು ಬಾಯಿ ತುಂಬ ಸೀಸ ಸುರಿದಿದ್ದರು, ಮುದ್ರೆ ಗಿದ್ರೆ ಏನೂ ಇಲ್ಲ. ಎಲ್ಲದರ ಫೋಟೋ ತೆಗೆದು ಕುಣಿಯುತ್ತಾ ಒಳಗೆ ಬಂದಳು.

ಎಲ್ಲರೂ ಒಣಮೀನು ಸಾರಿನ ಮುಂದೆ ಕೂತಿದ್ದರು. ಹಿಂಬಾಗಿಲಾಚೆ ಜವರಿ ಪಾತ್ರೆ ತಿಕ್ಕುತ್ತಿದ್ದಳು.

"ಅಜ್ಜಾ! ನಿಮ್ಮ ಕಲ್ಲಿಗೆ ಹೊಟ್ಟೆ ಬಂದದೆ! ಹತ್ತರ ಕಲ್ಲು ಹನ್ನೊಂದು ಕೆ.ಜಿ. ಆಗಿದೆ! ನೋಡಿ, ನೋಡಿ!"

ಫೋನು ತಟ್ಟೆಗಳ ನಡುವೆ ಹೊಳೆಯಿತು. ಹೊರಗೆ ತೆಂಗಿನ ನಾರಿನ ಸದ್ದು ನಿಂತಿತು.

"ನಿನ್ನ ತಕ್ಕಡಿ ಸರಿ ಇಲ್ಲ," ಎಂದ ಅಜ್ಜ, ಮಗನ ಕಡೆ ತಿರುಗಿ.

"ನನ್ನ ತಕ್ಕಡಿಗೆ ಹೋದ ತಿಂಗಳು ಸೀಲ್ ಹಾಕಿ ಹೋಗಿದ್ದಾರೆ," ಎಂದ ಆನಂದ. ಹೇಳಿದ ಮೇಲೆ ಹೇಳಬಾರದಿತ್ತು ಎನಿಸಿರಬೇಕು, ಅನ್ನಕ್ಕೆ ಕೈ ಹಾಕಿದ.

"ಅಲ್ಲಜ್ಜ, ಹತ್ತರ ಬದಲು ಹನ್ನೊಂದು ಇಟ್ಟು ತೂಗಿದ್ರೆ..." ಅನುಪಮಾಳ ಬೆರಳು ಗಾಳಿಯಲ್ಲಿ ಲೆಕ್ಕ ಹಾಕಿತು. "ಬೆಳೆಗಾರರ ನಲವತ್ತನಾಲ್ಕು ಇಲ್ಲಿ ನಲವತ್ತು..." ಅಲ್ಲಿಗೆ ಅವಳ ನಗು ಮುಖದ ಮೇಲೇ ಉಳಿದು, ಒಳಗಿನದ್ದು ಇಳಿದುಹೋಯಿತು. "ಸಿದ್ದ ಕದ್ದಿರಲಿಲ್ಲ."

ತುಳಸಿ ಎದ್ದು ಹೋಗಿ ಹಿಂಬಾಗಿಲನ್ನು ಮುಚ್ಚಿ ಚಿಲಕ ಹಾಕಿದಳು. ಬಂದು ಕೂತು ಮಾವನಿಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಬೊಳ್ಳಪ್ಪ ಮೀನಿನ ಮುಳ್ಳನ್ನು ಬಾಯಿಂದ ತೆಗೆದು ತಟ್ಟೆಯ ಅಂಚಿಗಿಟ್ಟ. "ಕೊಳ್ಳಕ್ಕೆ ಬೊಟ್ಟಿಂದು, ಮಾರಕ್ಕೆ ಬೊಟ್ಟಿಲ್ಲದ್ದು. ಎಲ್ಲರೂ ಮಾಡ್ತಿದ್ರು. ನಿನ್ನಪ್ಪ ಮೈಸೂರಲ್ಲಿ ಓದಿದ್ದು, ನಿನ್ನಮ್ಮನಿಗೆ ಕರಿಮಣಿ ಕಟ್ಟಿದ್ದು, ನೀನು ಮೊಟ್ಟೆ ಬೇಕು ಅಂತ ಕುಣಿಯೋದು, ಎಲ್ಲ ಆ ಒಂದು ಕೆ.ಜಿ.ಲಿ. ಉಗುಳ್ತೀಯಾ ಈಗ? ಉಗುಳು."

"ಹಂಗಾದ್ರೆ ಅವನನ್ನ ಯಾಕೆ ಹೊಡೆದ್ರಿ?"

"ಬೆಳೆಗಾರರು ಕೇಳಿದ್ರಲ್ಲ! ಯಾರನ್ನಾದ್ರೂ ಹೊಡೀಬೇಕಿತ್ತು. ನನ್ನನ್ನ ಹೊಡ್ಕೊಳ್ಳಲಾ?"

"ಮತ್ತೆ ಗೊತ್ತಿದ್ದೂ ನಂಗೆ ಅದನ್ನೇ ಎತ್ತಕ್ಕೆ ಕೊಟ್ರಲ್ಲ ಅಜ್ಜ? ಬಲಗೈ ಸೋಮಾರಿ ಅಂದ್ರಲ್ಲ ದಿನಾ?"

"ಒಂದು ಕೆ.ಜಿ. ಪುಕ್ಕಟೆ ಸಿಕ್ತಲ್ಲ ನಿಂಗೆ," ಎಂದು ಅಜ್ಜ ನಕ್ಕ. ಆ ಊಟದಲ್ಲಿ ನಕ್ಕವನು ಅವನೊಬ್ಬನೇ.

ಆನಂದ ಕೈ ತೊಳೆದು ಬಂದು ಮಗಳ ಎದುರಿಗೇ ನಿಂತ. ಅವನು ಕೂಗುವವನಲ್ಲ. "ಈ ಮಾತು ಹೊರಗೆ ಹೋದ್ರೆ ನಾಳೆಯಿಂದ ನನ್ನ ಅಂಗಡಿಗೆ ಒಂದು ಮೂಟೆ ಬರಲ್ಲ. ನಾನು ನೆಟ್ಟಗೆ ತೂಗ್ತೇನೆ ಅಂತ ಯಾರೂ ನಂಬಲ್ಲ. ಬಾಯಿ ಬಿಟ್ರೆ ಪರೀಕ್ಷೆ ಇಲ್ಲ. ಸಂಪಾಜೆಗೆ ನಾಳೆಯೇ ಫೋನು. ಫೋಟೋ ತೆಗ್ದುಹಾಕು."

ಅನುಪಮಾ ಫೋನನ್ನು ಎದೆಗೊತ್ತಿಕೊಂಡಳು. ಸಂಪಾಜೆಯ ಆ ತಾಯಿ ಲೋಟ ಕೆಳಗಿಟ್ಟ ಸದ್ದು ನೆನಪಾಯಿತು. ನಗೋದು ನಾವು ಕಮ್ಮಿ ಮಾಡ್ಕೊಳ್ತೇವೆ. ಬಾಗಿಲಾಚೆ ಪಾತ್ರೆ ತಿಕ್ಕುವ ಸದ್ದು ಮತ್ತೆ ಶುರುವಾಗಿತ್ತು, ಮೊದಲಿಗಿಂತ ನಿಧಾನ.

"ಪಾಸಾಗದಿದ್ರೂ ಸಂಪಾಜೆ ಬೇಡ," ಎಂದಳು.

ಆನಂದ ಅಪ್ಪನ ಮುಖ ನೋಡಿದ. "ಸರಿ. ಬೇಡ."

"ಡಂಬೆಲ್ ಬೇಕು. ಹೊಸದು. ನಾಳೆಯೇ."

"ಸರಿ."

"ದಿನಾ ನಾಲ್ಕು ಮೊಟ್ಟೆ. ಅಜ್ಜ ಮುಟ್ಟಬಾರ್ದು."

ಬೊಳ್ಳಪ್ಪ ಮೊಮ್ಮಗಳನ್ನು ಹೊಸಬಳನ್ನು ನೋಡುವಂತೆ ನೋಡಿದ. ಅವಳು ಫೋಟೋ ಅಳಿಸಿ, ಅಳಿಸಿದ್ದನ್ನು ಅಪ್ಪನಿಗೆ ತೋರಿಸಿದಳು. "ಬಂತು ನೋಡು ನನ್ನ ಗುಣ," ಎಂದ ಅಜ್ಜ. ಅವನು ಅವಳನ್ನು ಹೊಗಳಿದ್ದು ಅದೇ ಮೊದಲು. ತನ್ನ ತಟ್ಟೆಯ ಮೊಟ್ಟೆಯನ್ನು ಅವಳ ತಟ್ಟೆಗೆ ಉರುಳಿಸಿದ. ಅವಳು ತಿಂದಳು.

ಕಲ್ಲುಗಳನ್ನು ಆನಂದ ಜೀಪಲ್ಲಿ ಹಾಕಿಕೊಂಡು ಹೋಗಿ ಹೊಳೆಗೆ ಎಸೆದು ಬಂದ. ಹೊಸ ಡಂಬೆಲ್ ಬಂತು, ಕಪ್ಪು ರಬ್ಬರಿನದು, ಎರಡೂ ಸಮ. ಮೂರು ವಾರದಲ್ಲಿ ಬೆನ್ನು ನೇರಕ್ಕೆ ಬಂತು, ಗುಂಡೂ ನೇರ ಹೋಯಿತು, ಕಳೆದ ವರ್ಷ ಮುಟ್ಟಬೇಕಿದ್ದ ಗೆರೆ ದಾಟಿ ಎರಡು ಗೇಣು. ಪಿ.ಟಿ. ಮೇಡಂ ಶಿಳ್ಳೆ ಹೊಡೆದರು. ತುಳಸಿ ದಿನಾ ನಾಲ್ಕು ಮೊಟ್ಟೆ ಬೇಯಿಸಿದಳು, ಸುಲಿದಳು, ಮಗಳ ಮುಖ ನೋಡದೆ ಮುಂದಿಟ್ಟಳು.

ಆ ಮೂರು ವಾರ ಜವರಿ ಏನೂ ಕೇಳಲಿಲ್ಲ. ಅನುಪಮಾ ಕೂಡ ಎಣ್ಣೆ ಬೇಡ, ಓದಬೇಕು, ತಲೆನೋವು ಎಂದು ತಪ್ಪಿಸಿಕೊಂಡಳು. ಪರೀಕ್ಷೆಯ ಹಿಂದಿನ ಸಂಜೆ ಮಾತ್ರ ಜವರಿ ಬಟ್ಟಲು ಹಿಡಿದು ನೇರ ಕೋಣೆಗೇ ಬಂದಳು.

"ನಾಳೆ ಗುಂಡು ಎಸೀಬೇಕಲ್ಲ. ಮಲಕ್ಕೊ."

ಮೂಲೆಯಲ್ಲಿ ನಾಳೆಯ ಬ್ಯಾಗು, ಅದರ ಮೇಲೆ ಹಾಲ್ ಟಿಕೆಟ್. ಗೋಡೆಯ ಬುಡದಲ್ಲಿ ಕಪ್ಪು ಡಂಬೆಲ್. ಜವರಿಯ ಕೈ ಬಿಸಿಯಾಗಿತ್ತು. ಹೆಬ್ಬೆರಳು ಬೆನ್ನ ಎರಡೂ ಕಡೆ ಇಳಿಯಿತು.

"ಈಗ ಸಮ ಆಯ್ತು."

"ಹೂಂ."

"ಆ ಹಳೇ ಕಲ್ಲು ಎಲ್ಲಿ?"

"ಗುಜರಿಗೆ ಹಾಕಿದ್ರು."

ಕೈ ಭುಜದವರೆಗೆ ಹತ್ತಿ ನಿಧಾನ ಇಳಿಯಿತು. "ಆವತ್ತು ನೀವೆಲ್ಲ ಕೂಗಾಡಿದ್ದು ಅರ್ಧ ಕೇಳ್ತು ಪುಟ್ಟವ್ವ. ಆಮೇಲೆ ಬಾಗಿಲು ಹಾಕಿದ್ರು. ಅರ್ಧ ಕೇಳಿದ್ದನ್ನ ಹಾಡಿಲಿ ಹೇಳಿದ್ರೆ ಮುದುಕಿಗೆ ಹುಚ್ಚು ಅಂತಾರೆ. ನಂಗೆ ದುಡ್ಡು ಬೇಡ, ಜಗಳ ಬೇಡ. ಮೊಮ್ಮಗಳು ಶಾಲೆಗೆ ಹೋಗ್ತದೆ, ಅದಕ್ಕೂ ಕಳ್ಳನ ಮೊಮ್ಮಗಳು ಅಂತಾರೆ. ನೀನು ತೂಗಿದ್ದು, ನೀನು ಓದಿದವಳು. ನಿನ್ನ ಬಾಯಿಂದ ಒಂದೇ ಮಾತು ಸಾಕು." ಕೈ ನಿಂತಿತು. "ಎಷ್ಟು ಬಂತು?"

ಅನುಪಮಾ ಚಾಪೆಯ ಹೆಣಿಗೆ ನೋಡುತ್ತಿದ್ದಳು. ಬಾಗಿಲಾಚೆ ಅಪ್ಪ ಜೀಪಿನ ಕೀಲಿ ಆಡಿಸುತ್ತಾ ಓಡಾಡುವುದು ಕೇಳುತ್ತಿತ್ತು. ಅವನ ಚಪ್ಪಲಿಯ ಸದ್ದು ಕೋಣೆಯ ಹತ್ತಿರ ಬಂದು ತಡೆಯಿತು.

"ಹತ್ತೇ ಬಂತು, ಜವರಿ."

"ಬೊಟ್ಟಿಂದೂ?"

"ಎರಡೂ ಹತ್ತೇ."

ಚಪ್ಪಲಿಯ ಸದ್ದು ಮುಂದೆ ಹೋಯಿತು. ಜವರಿ ಕೈ ತೆಗೆಯಲಿಲ್ಲ. ಬಟ್ಟಲಲ್ಲಿ ಉಳಿದ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು, ಬಲಗಡೆ ಒಂದಿಷ್ಟು, ಎಡಗಡೆ ಒಂದಿಷ್ಟು, ಒಂದು ಹನಿಯನ್ನೂ ಬಿಡದೆ ತಿಕ್ಕಿ ಮುಗಿಸಿದಳು. ಸೆರಗಿನಿಂದ ಅವಳ ಬೆನ್ನು ಒರೆಸಿದಳು. ಎದ್ದು ಹೋದಳು.

ಆರು ಗಂಟೆ. ಅಜ್ಜ ಮದುವೆ ಮನೆಗೆ ಹೋಗಿದ್ದ, ತುಳಸಿ ಕೊಟ್ಟಿಗೆಯಲ್ಲಿದ್ದಳು. ಹಿಂಬಾಗಿಲು ತೆರೆದೇ ಇತ್ತು, ಜವರಿ ಸುಮ್ಮನೆ ಹೋಗಬಹುದಿತ್ತು. ಹೋಗಲಿಲ್ಲ. ಅನುಪಮಾ ನೀರು ಕುಡಿಯಲು ಅಡುಗೆಮನೆಗೆ ಬಂದಾಗ ಹೊಸ್ತಿಲ ಮೇಲೆ ನಿಂತಿದ್ದಳು.

"ಅಮ್ಮ ಇಲ್ಲ. ನೀನೇ ನೋಡು ಪುಟ್ಟವ್ವ."

"ಹೋಗು ಜವರಿ, ಎಂತದೂ ಬೇಡ."

"ನೋಡು."

ಜವರಿ ಸೆರಗು ಬಿಚ್ಚಿದಳು. ಎಣ್ಣೆಯ ಕಲೆ ಅಲ್ಲಲ್ಲಿ ಹತ್ತಿತ್ತು. ಎರಡೂ ಕೈಯಲ್ಲಿ ಅಂಚು ಹಿಡಿದು ಒಂದು ಸಲ ಕೊಡವಿದಳು. ಇನ್ನೊಂದು ಸಲ ಕೊಡವಿದಳು. ಹಾಗೇ ಹಿಡಿದುಕೊಂಡು ಅವಳ ಮುಖವನ್ನೇ ನೋಡುತ್ತಾ ನಿಂತಳು.

ಅನುಪಮಾ ಲೋಟ ಹಿಡಿದುಕೊಂಡೇ ನೋಡಿದಳು.

"ಹ್ಞೂಂ, ಹೋಗು."